ಹಣದ ಅಳತೆ ಮತ್ತು ಅಚೌರ್ಯಾಣುವ್ರತ

ಶ್ರಾವಕನ ದಾನ, ಪೂಜೆ, ಕುಟುಂಬಪೋಷಣೆಗಳೆಲ್ಲವೂ ನ್ಯಾಯೋಪಾರ್ಜಿತ ದ್ರವ್ಯದಿಂದಲೇ ನಡೆಯಬೇಕೆಂಬುದು ಪೂರ್ವಾಚಾರ್ಯರ ಅಭಿಮತ. ದ್ರವ್ಯವನ್ನು ಗಳಿಸುವ ಮಾರ್ಗದ ವಿಷಯದಲ್ಲಿ ಜೈನ ಸಮಾಜಕ್ಕೆ ಇರುವ ಎಚ್ಚರ, ಗಳಿಸಿದುದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಮಾರ್ಗದ ವಿಷಯದಲ್ಲಿ ಇದ್ದಂತಿಲ್ಲ. ಹಿಂದೆ ಅದರ ಅಗತ್ಯವೂ ಕಡಿಮೆಯಿತ್ತು. ಇಂದು ಮೂಡಬಿದಿರೆ, ಹುಬ್ಬಳ್ಳಿ, ಬೆಳಗಾವಿಗಳ ಮನೆಗಳಿಂದ ಹೊರಟ ಮಕ್ಕಳು ದುಬೈ, ಸಿಂಗಪುರ, ಅಮೆರಿಕಗಳಲ್ಲಿ ದುಡಿಯುತ್ತಿದ್ದಾರೆ. ಅವರ ಸಂಬಳ ಒಂದು ನಾಣ್ಯದಲ್ಲಿ. ತಾಯಿತಂದೆಯರ ಔಷಧೋಪಚಾರ, ಮನೆಯ ಸಾಲ, ಬಸದಿಯ ಕಾಣಿಕೆ ಇನ್ನೊಂದು ನಾಣ್ಯದಲ್ಲಿ. ಈ ಎರಡರ ನಡುವೆ ನಿಂತಿರುವ ಅಳತೆಗೋಲೇ ವಿನಿಮಯ ದರ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೂರು ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ: ಕದ್ದು ತಂದುದನ್ನು ಸ್ವೀಕರಿಸುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು. ಈ ಕೊನೆಯದನ್ನು ವಿವರಿಸುವಾಗ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ, ಕೊಡುವಾಗ ಕಿರಿದಾದ ಮಾಪನ, ಕೊಳ್ಳುವಾಗ ಹಿರಿದಾದ ಮಾಪನ ಬಳಸುವ ಕಪಟವನ್ನು ಬಿಡಿಸಿ ತೋರಿಸಿದ್ದಾರೆ. ಧಾನ್ಯದಂಗಡಿಯ ಕೊಳಗಕ್ಕೆ ಅನ್ವಯಿಸಿದ ಆ ವಿವೇಚನೆ ಇಂದಿನ ಹಣ ರವಾನೆಗೂ ಅಷ್ಟೇ ಅನ್ವಯಿಸುತ್ತದೆ.

ದುಬೈಯಲ್ಲಿ ಉದ್ಯೋಗದಲ್ಲಿರುವ ಒಬ್ಬ ತರುಣ ಇಂಜಿನಿಯರನು ಊರಿನ ತಾಯಿಗೆ 10,000 ದಿರ್ಹಮ್ ಕಳುಹಿಸಬೇಕಾಗಿದೆಯೆಂದು ಭಾವಿಸಬಹುದು. ಲೆಕ್ಕದ ಸೌಕರ್ಯಕ್ಕಾಗಿ, ಪೇಟೆಯಲ್ಲಿ ಬ್ಯಾಂಕುಗಳು ತಮ್ಮೊಳಗೆ ವ್ಯವಹರಿಸುವ ಮಧ್ಯದರ ದಿರ್ಹಮಿಗೆ 23 ರೂಪಾಯಿಯೆಂದು ಇಟ್ಟುಕೊಂಡರೆ ಆ ಹಣದ ಬೆಲೆ 2,30,000 ರೂಪಾಯಿ. ಒಂದು ಸಂಸ್ಥೆ ಶುಲ್ಕವೇ ಇಲ್ಲವೆಂದು ಫಲಕ ಹಾಕಿ 22.80ರ ದರ ಕೊಡುತ್ತದೆ. ತಾಯಿಗೆ ತಲುಪುವುದು 2,28,000. ಇನ್ನೊಂದು 20 ದಿರ್ಹಮ್ ಶುಲ್ಕ ಪಡೆದು, ಉಳಿದ 9,980ಕ್ಕೆ 22.95ರ ದರ ಕೊಡುತ್ತದೆ, ತಲುಪುವುದು 2,29,041. ಶುಲ್ಕವಿಲ್ಲದ ಸೇವೆಯೇ 1,041 ರೂಪಾಯಿ ದುಬಾರಿಯಾಯಿತು! ಸೇವೆಗೆ ಪ್ರತಿಫಲ ಪಡೆಯುವುದು ವರ್ತಕನ ಹಕ್ಕು. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರವಿರುವುದು ದೋಷವಲ್ಲ. ಪ್ರತಿಫಲವನ್ನು ದರದೊಳಗೆ ಅಡಗಿಸಿ, ಏನನ್ನೂ ಪಡೆಯಲಿಲ್ಲವೆಂದು ಸಾರುವುದು ಮಾತ್ರ ದೋಷ. ಕಳುಹಿಸುವವನು ಶುಲ್ಕವನ್ನೂ ಕೇಳಬಾರದು, ದರವನ್ನೂ ಕೇಳಬಾರದು. ಇಷ್ಟು ಕೊಟ್ಟರೆ ಊರಿನಲ್ಲಿ ಎಷ್ಟು ರೂಪಾಯಿ ಕೈಸೇರುತ್ತದೆ ಎಂಬುದೊಂದನ್ನೇ ಕೇಳಬೇಕು.

ಇದು ಶ್ರೀಮಂತರ ಚಿಂತೆಯಲ್ಲ. ವಿಶ್ವಬ್ಯಾಂಕಿನ ಲೆಕ್ಕದಂತೆ 2023ರಲ್ಲಿ 200 ಡಾಲರಿನಷ್ಟು ಸಣ್ಣ ಮೊತ್ತವನ್ನು ದೇಶಾಂತರಕ್ಕೆ ಕಳುಹಿಸಲು ಜಗತ್ತಿನಲ್ಲಿ ಸರಾಸರಿ ಶೇಕಡಾ 6ಕ್ಕಿಂತ ಹೆಚ್ಚು ವೆಚ್ಚವಾಗುತ್ತಿತ್ತು. 2030ರೊಳಗೆ ಇದನ್ನು ಶೇಕಡಾ 3ಕ್ಕಿಂತ ಕೆಳಗಿಳಿಸುವುದು ವಿಶ್ವಸಂಸ್ಥೆಯ ಗುರಿ. ಕಡಿಮೆ ಸಂಬಳದವನ ಬೆವರಿನಿಂದಲೇ ಈ ಪಾಲು ಹೆಚ್ಚಾಗಿ ಹೋಗುತ್ತದೆ.

ಇನ್ನು ಎರಡನೆಯ ಪ್ರಲೋಭನೆ. ಅದೇ ಇಂಜಿನಿಯರನಿಗೆ ಜೊತೆಯವನೊಬ್ಬ ಹವಾಲಾದ ದಾರಿ ತೋರಿಸುತ್ತಾನೆ. ದರ ಬ್ಯಾಂಕಿಗಿಂತ ಹೆಚ್ಚು. ಹಣ ಅಂದೇ ಸಂಜೆ ತಾಯಿಯ ಕೈಗೆ. ದುಡಿಮೆ ಪ್ರಾಮಾಣಿಕ, ತಾಯಿಗೆ ಉಪಕಾರ, ಯಾರಿಗೆ ನಷ್ಟ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರ ಆ ವ್ಯವಹಾರದ ಒಳಗಿದೆ. ಹವಾಲಾದಲ್ಲಿ ದಿರ್ಹಮ್ ಭಾರತಕ್ಕೆ ಬರುವುದೇ ಇಲ್ಲ. ಅದು ಅಲ್ಲಿಯೇ ಉಳಿದು, ವಿದೇಶೀ ನಾಣ್ಯವನ್ನು ಗುಟ್ಟಾಗಿ ಬಯಸುವವನ ಕೈಸೇರುತ್ತದೆ. ಇಲ್ಲಿ ತಾಯಿಗೆ ಸಂದಾಯವಾಗುವ ರೂಪಾಯಿ ಬಹುಮಟ್ಟಿಗೆ ತೆರಿಗೆ ತಪ್ಪಿಸಿದವನ ಅಥವಾ ಕಳ್ಳಸಾಗಣೆಯವನ ನಗದು. ಹೆಚ್ಚಿನ ದರವೆಂಬುದು ಆತನು ತನ್ನ ಹಣವನ್ನು ಮರೆಮಾಡಲು ತೆರುವ ಬೆಲೆ. ಆ ಬೆಲೆಯನ್ನು ಸ್ವೀಕರಿಸಿದವನು ಕಟ್ಟಳೆಯನ್ನು ಮೀರಿದುದಲ್ಲದೆ, ಅನ್ಯಾಯದ ಹಣವನ್ನು ಪಡೆದ ದೋಷಕ್ಕೂ ಗುರಿಯಾಗುತ್ತಾನೆ. ತಾನೇ ಮಾಡಿದುದಕ್ಕಷ್ಟೇ ಅಲ್ಲ, ಮಾಡಿಸಿದುದಕ್ಕೂ ಅನುಮೋದಿಸಿದುದಕ್ಕೂ ಕರ್ಮಬಂಧವುಂಟೆಂಬುದು ಜೈನರಿಗೆ ಹೊಸ ಮಾತಲ್ಲ.

ವ್ಯಾವಹಾರಿಕ ಹಾನಿಯೂ ಸಣ್ಣದಲ್ಲ. 1973ರ ಫೆರಾ ಕಾಯ್ದೆಯ ಸ್ಥಾನಕ್ಕೆ 2000ದ ಜೂನ್ 1ರಿಂದ ಬಂದ ಫೆಮಾ ಕಾಯ್ದೆ ಮೃದುವಾದುದೆಂದು ಹೇಳುವುದುಂಟು. ಅದರಲ್ಲಿಯೂ ಇಂತಹ ವ್ಯವಹಾರಕ್ಕೆ ಮೊತ್ತದ ಮೂರು ಪಟ್ಟಿನವರೆಗೆ ದಂಡವಿದೆ. ಬ್ಯಾಂಕಿನ ಮೂಲಕ ಎನ್‌ಆರ್‌ಇ ಖಾತೆಗೆ ಬಂದ ಹಣವನ್ನು ಬಡ್ಡಿಸಹಿತ ಮತ್ತೆ ವಿದೇಶಕ್ಕೆ ಒಯ್ಯಬಹುದು. ಹವಾಲಾದ ನಗದಿಗೆ ಆ ಹಕ್ಕಿಲ್ಲ. ಹತ್ತು ವರ್ಷಗಳ ಬಳಿಕ ಮನೆ ಕೊಳ್ಳಲು ಹೊರಟಾಗ ಮೂಲ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಪ್ರಾಮಾಣಿಕವಾಗಿ ಗಳಿಸಿದ ಹಣ ಮನೆ ಮುಟ್ಟುವಷ್ಟರಲ್ಲಿ ಕಪ್ಪುಹಣವಾಗಿರುತ್ತದೆ. ಹಿಂದಿನ ವರ್ತಕರ ಹುಂಡಿಯೊಡನೆ ಇದನ್ನು ಹೋಲಿಸುವುದು ಸಲ್ಲದು. ಆ ಹುಂಡಿ ಬರವಣಿಗೆಯಲ್ಲಿದ್ದ ವಾಗ್ದಾನ, ಲೆಕ್ಕದ ಪುಸ್ತಕ ಸೇರುತ್ತಿದ್ದ ಪತ್ರ. ಇದು ಲೆಕ್ಕದಿಂದ ತಪ್ಪಿಸಿಕೊಳ್ಳುವ ಉಪಾಯ.

ಮೂರನೆಯದು ಒಳಗಿನ ಶತ್ರುವಾದ ಲೋಭ. ದರ ಇನ್ನೂ ಏರಲೆಂದು ಕಾಯುವವರು ಬಹಳ. 1997ರಿಂದ ದಿರ್ಹಮ್ ಒಂದು ಡಾಲರಿಗೆ 3.6725ರಂತೆ ಸ್ಥಿರವಾಗಿರುವುದರಿಂದ, ದುಬೈಯಲ್ಲಿರುವವನಿಗೂ ಕಾಣುವ ಏರಿಳಿತ ಡಾಲರು ರೂಪಾಯಿಗಳದ್ದೇ. 2013ರ ಮೇ ಆರಂಭದಲ್ಲಿ ಸುಮಾರು 54 ರೂಪಾಯಿಯಿದ್ದ ಡಾಲರು ಆಗಸ್ಟ್ ಕೊನೆಯಲ್ಲಿ 68 ದಾಟಿತು. ವರ್ಷಾಂತ್ಯಕ್ಕೆ 62ರ ಆಸುಪಾಸಿಗೆ ಇಳಿಯಿತು. ಆಗಸ್ಟಿನಲ್ಲಿ ಎಪ್ಪತ್ತಾಗಲೆಂದು ಕುಳಿತವನು ಕೈಗೆ ಬಂದುದನ್ನು ಕಳೆದುಕೊಂಡನು. ಇತ್ತ ಮಗಳ ವಿದೇಶೀ ಶಿಕ್ಷಣಶುಲ್ಕವನ್ನು ದರ ಇಳಿಯಲೆಂದು ಮೇ ತಿಂಗಳಿನಿಂದ ಆಗಸ್ಟಿಗೆ ಮುಂದೂಡಿದ ತಂದೆ ಅದೇ ಶುಲ್ಕಕ್ಕೆ ಕಾಲು ಭಾಗ ಹೆಚ್ಚು ತೆತ್ತನು. ನಾಳಿನ ದರವನ್ನು ಬಲ್ಲವರಿಲ್ಲ. ಆದುದರಿಂದ ತೇದಿ ಗೊತ್ತಿರುವ ಕರ್ತವ್ಯದ ಹಣವನ್ನು ತೇದಿಗೆ ಕಳುಹಿಸಬೇಕು. ಗೊತ್ತಿಲ್ಲದ ಉಳಿತಾಯವನ್ನು ಕಂತುಗಳಾಗಿ ತಿಂಗಳು ತಿಂಗಳು ಕಳುಹಿಸಬೇಕು. ಮುಂದೆ ಡಾಲರಿನಲ್ಲಿಯೇ ಖರ್ಚಾಗಲಿರುವ ಹಣವನ್ನು ರೂಪಾಯಿಗೆ ಪರಿವರ್ತಿಸಿ ಮತ್ತೆ ಡಾಲರು ಮಾಡುವುದೆಂದರೆ ಎರಡು ಬಾರಿ ಅಳತೆಯ ನಷ್ಟ. ಅದಕ್ಕಾಗಿಯೇ ವಿದೇಶೀ ನಾಣ್ಯದಲ್ಲಿಯೇ 1ರಿಂದ 5 ವರ್ಷ ಇಡಬಹುದಾದ ಎಫ್‌ಸಿಎನ್‌ಆರ್ ಠೇವಣಿಯಿದೆ.

ಊರಿನಿಂದ ಹೊರಕ್ಕೆ ಹೋಗುವ ಹಣಕ್ಕೂ ಕ್ರಮವಿದೆ. ಅನಿವಾಸಿಯಾದೊಡನೆ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಮಾರ್ಪಡಿಸಬೇಕು. ಬಾಡಿಗೆ, ಪಿತ್ರಾರ್ಜಿತ ಆಸ್ತಿಯ ಮಾರಾಟದ ಹಣ ಅಲ್ಲಿಗೆ ಸೇರಿ, ತೆರಿಗೆ ಸಂದ ಬಳಿಕ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರಿನವರೆಗೆ ಹೊರಹೋಗಬಹುದು. ಊರಿನಲ್ಲಿರುವ ತಂದೆತಾಯಿಗಳು ಮಕ್ಕಳಿಗೆ ಕಳುಹಿಸುವ ಮಿತಿ, 2015ರಲ್ಲಿ ನಿಗದಿಯಾದಂತೆ, ತಲಾ ವರ್ಷಕ್ಕೆ 2,50,000 ಡಾಲರು.

ಬಸದಿಗಳ ಆಡಳಿತ ಮಂಡಳಿಗಳು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಭಾರತೀಯ ಪೌರತ್ವವನ್ನು ಉಳಿಸಿಕೊಂಡಿರುವ ಅನಿವಾಸಿಯು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟ ಕಾಣಿಕೆ ಕಾನೂನಿನ ದೃಷ್ಟಿಯಲ್ಲಿ ವಿದೇಶೀ ದೇಣಿಗೆಯಲ್ಲ. ಅದೇ ಊರಿನ ಮಗ ವಿದೇಶದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡಿದ್ದರೂ, ರೂಪಾಯಿಯಲ್ಲಿಯೇ ಕೊಟ್ಟರೂ, ಅದು ವಿದೇಶೀ ದೇಣಿಗೆ. ಅದನ್ನು ಪಡೆಯಲು 2010ರ ಎಫ್‌ಸಿಆರ್‌ಎ ಕಾಯ್ದೆಯಂತೆ ಅನುಮತಿ ಬೇಕು. 2020ರ ತಿದ್ದುಪಡಿಯಂತೆ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯ ಮೂಲಕವೇ ಬರಬೇಕು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಖಜಾಂಚಿ ಈ ಪ್ರಶ್ನೆ ಕೇಳದಿದ್ದರೆ ಭಕ್ತಿಯಿಂದ ಕೊಟ್ಟ ಕಾಣಿಕೆಯೇ ಸಂಸ್ಥೆಗೆ ಸಂಕಟವಾಗುತ್ತದೆ. ದಾನಿಯ ಪೌರತ್ವ ಕೇಳುವುದು ಅವಿಶ್ವಾಸವಲ್ಲ, ದಾನದ ರಕ್ಷಣೆ.

ದೀಪಾವಳಿಯ ದಿನ, ಭಗವಾನ್ ಮಹಾವೀರರ ನಿರ್ವಾಣದ ಸ್ಮರಣೆಯಲ್ಲಿ, ಜೈನ ವರ್ತಕರ ಮನೆಗಳಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲುತ್ತದೆ. ಪರದೇಶದಿಂದ ಬಂದ ಪ್ರತಿಯೊಂದು ಮೊತ್ತವೂ ಅದರ ದರ, ಶುಲ್ಕ, ರಸೀದಿಗಳೊಡನೆ ಆ ಪುಸ್ತಕದಲ್ಲಿ ಬರೆಯಲು ಯೋಗ್ಯವಾಗಿರಬೇಕು. ಹಾಗೆ ಬರೆಯಲಾಗದ ದಾರಿಯಿಂದ ನಾಲ್ಕು ಕಾಸು ಹೆಚ್ಚು ಬಂದರೂ ಶ್ರಾವಕನಿಗೆ ಅದು ಲಾಭವಲ್ಲ.