ವಿರೋಧಾಭಾಸದ ಪರಿಹಾರ: ಒಂದು ಪರೀಕ್ಷಾಪ್ರಶ್ನೆ ಮತ್ತು ಓಲೆಗರಿಗಳು

ಹಳಗನ್ನಡ ಸಾಹಿತ್ಯವನ್ನು ಕುರಿತು ಸಂಶೋಧನ ಪ್ರಬಂಧ ಸಿದ್ಧಪಡಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಅವಳ ತಮ್ಮ ಜೀಮ್ಯಾಟ್ ಪರೀಕ್ಷೆಗೆ ಓದುತ್ತಿದ್ದ. ಇಬ್ಬರಿಗೂ ಇದ್ದುದು ಒಂದೇ ಮೇಜು. ಅದರ ಒಂದು ತುದಿಯಲ್ಲಿ ಕವಿರಾಜಮಾರ್ಗದ ಬೇರೆ ಬೇರೆ ಮುದ್ರಣಗಳು, ಇನ್ನೊಂದು ತುದಿಯಲ್ಲಿ ತರ್ಕಶಕ್ತಿಯನ್ನು ಅಳೆಯುವ ಪ್ರಶ್ನೆಗಳ ದಪ್ಪ ಪುಸ್ತಕ. ಒಂದು ರಾತ್ರಿ ತಮ್ಮ ಪ್ರಶ್ನೆಯೊಂದನ್ನು ಗಟ್ಟಿಯಾಗಿ ಓದಿದ. ಒಂದು ನಗರದಲ್ಲಿ ದ್ವಿಚಕ್ರ ವಾಹನ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಅಪಘಾತದಲ್ಲಿ ಸಾಯುವವರ ಸಂಖ್ಯೆ ಇಳಿಯಿತು. ಆದರೆ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರುವವರ ಸಂಖ್ಯೆ ಏರಿತು. ಕೊಟ್ಟಿರುವ ಹೇಳಿಕೆಗಳಲ್ಲಿ ಯಾವುದು ಈ ತೋರಿಕೆಯ ವಿರೋಧವನ್ನು ಪರಿಹರಿಸುತ್ತದೆ?

"ಕೆಲವು ಹೆಲ್ಮೆಟ್ಟುಗಳು ಕಳಪೆ ಅಂತ ಒಂದು ಉತ್ತರ ಇದೆ ಅಕ್ಕ. ಅದೇ ಸರಿ ಇರಬೇಕು."

"ಕಳಪೆಯಾದರೆ ಸಾವು ಯಾಕೋ ಕಡಿಮೆಯಾಗಬೇಕು?" ಎಂದು ಅವಳು ತಲೆಯೆತ್ತದೆಯೇ ಕೇಳಿದಳು.

ಈ ಬಗೆಯ ಪ್ರಶ್ನೆಗಳ ನಿಯಮ ಸರಳವಾದರೂ ಕಠಿಣವಾದುದು. ಕೊಟ್ಟಿರುವ ಎರಡು ಸಂಗತಿಗಳಲ್ಲಿ ಯಾವುದನ್ನೂ ಅಲ್ಲಗಳೆಯುವಂತಿಲ್ಲ. ಎರಡೂ ನಿಜವೆಂದೇ ಒಪ್ಪಿ, ಎರಡಕ್ಕೂ ಒಟ್ಟಿಗೆ ಎಡೆ ಮಾಡಿಕೊಡುವ ಮೂರನೆಯ ಸಂಗತಿಯನ್ನು ಹುಡುಕಬೇಕು. ತಪ್ಪು ಉತ್ತರಗಳಲ್ಲಿ ಹೆಚ್ಚಿನವು ಒಂದೇ ಪಕ್ಷವನ್ನು ವಿವರಿಸಿ ಇನ್ನೊಂದನ್ನು ಮರೆಯುತ್ತವೆ. ಇಲ್ಲಿ ಸರಿಯುತ್ತರ ಕೊನೆಯಲ್ಲಿತ್ತು: ಹಿಂದೆ ಸ್ಥಳದಲ್ಲೇ ಸಾಯುತ್ತಿದ್ದವರಲ್ಲಿ ಹಲವರು ಈಗ ಗಾಯಾಳುಗಳಾಗಿ ಆಸ್ಪತ್ರೆ ತಲುಪುತ್ತಿದ್ದಾರೆ.

ಅಲಂಕಾರಶಾಸ್ತ್ರ ಓದಿದವಳಿಗೆ ಇದು ಮೊದಲು ಹಳೆಯ ಪರಿಚಯದಂತೆ ಕಂಡಿತು. ರಾಜನಾದರೂ ದೋಷಾಕರನಲ್ಲ ಎಂದು ಕವಿ ಹೇಳಿದಾಗ ಎರಡು ಪದಗಳಿಗೂ ಚಂದ್ರನೆಂಬ ಅರ್ಥವಿರುವುದರಿಂದ ಮಾತು ತನಗೆ ತಾನೇ ಇದಿರಾಗುತ್ತದೆ. ರಾಜನೆಂದರೆ ದೊರೆ, ದೋಷಾಕರನೆಂದರೆ ದೋಷಗಳ ಗಣಿ ಎಂದು ತಿಳಿದೊಡನೆ ವಿರೋಧ ಕರಗುತ್ತದೆ. ವಿರೋಧಾಭಾಸವೆಂಬ ಹೆಸರಿಗೆ ತಕ್ಕಂತೆ ವಿರೋಧವು ಬರಿಯ ಆಭಾಸ. ಆದರೆ ಕಾವ್ಯದಲ್ಲಿ ಪರಿಹಾರವು ಪದದ ಒಳಗೇ ಇರುತ್ತದೆ, ಕವಿಯೇ ಅದನ್ನು ಅಲ್ಲಿ ಇಟ್ಟಿರುತ್ತಾನೆ. ಪರೀಕ್ಷೆಯ ಪ್ರಶ್ನೆಯಲ್ಲಿ ಅದು ಲೆಕ್ಕಕ್ಕೆ ಸಿಗದೆ ಹೋದವರಲ್ಲಿ ಇರುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ಸತ್ತವನ ಹೆಸರಿರಲಿಲ್ಲ. ಬದುಕಿ ಬಂದ ಮೇಲಷ್ಟೇ ಅವನು ಸಂಖ್ಯೆಯಾದ.

ಈ ತರ್ಕಕ್ಕೆ ಹೆಸರಾದವನು ಅಬ್ರಹಾಂ ವಾಲ್ಡ್. 1902ರಲ್ಲಿ ಇಂದಿನ ರೊಮೇನಿಯಾದ ಕ್ಲುಜ್ ನಗರದಲ್ಲಿ ಯೆಹೂದಿ ಮನೆತನದಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಗಣಿತ ಓದಿ, 1938ರಲ್ಲಿ ಅಮೆರಿಕ ಸೇರಿದವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ತಂಡದಲ್ಲಿದ್ದುಕೊಂಡು, ಗುಂಡೇಟು ತಿಂದೂ ಮರಳಿದ ಯುದ್ಧವಿಮಾನಗಳ ಗಾಯಗಳನ್ನು ಆಧರಿಸಿ ವಿಮಾನದ ಯಾವ ಭಾಗ ಹೆಚ್ಚು ದುರ್ಬಲವೆಂದು ಲೆಕ್ಕ ಹಾಕುವ ವಿಧಾನವನ್ನು 1943ರ ಟಿಪ್ಪಣಿಗಳಲ್ಲಿ ರೂಪಿಸಿದ. ಗುಂಡುಗಳು ವಿಮಾನದ ಮೈಮೇಲೆಲ್ಲ ಬೀಳುತ್ತವೆ. ಆದರೂ ಮರಳಿದವುಗಳ ಎಂಜಿನ್ ಭಾಗದಲ್ಲಿ ತೂತುಗಳು ಕಡಿಮೆಯಿದ್ದರೆ, ಅಲ್ಲಿ ಏಟು ತಿಂದವು ಮರಳಲಿಲ್ಲವೆಂದೇ ಅರ್ಥ. ಆದ್ದರಿಂದ ರಕ್ಷಾಕವಚ ಬೇಕಾದದ್ದು ತೂತಿಲ್ಲದ ಕಡೆಗೆ. ಸೇನಾಧಿಕಾರಿಗಳನ್ನು ಅವನು ಒಂದೇ ಮಾತಿನಲ್ಲಿ ಬೆರಗುಗೊಳಿಸಿದನೆಂಬ ಕಥೆ ಈಗ ಎಲ್ಲೆಡೆ ಓಡಾಡುತ್ತಿದೆ. ಆ ಟಿಪ್ಪಣಿಗಳಲ್ಲಿ ಅಂಥ ನಾಟಕವೇನೂ ಇಲ್ಲ, ಇರುವುದು ಒಣ ಸಮೀಕರಣಗಳು ಮತ್ತು ಕೋಷ್ಟಕಗಳು. ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸಗಳಿಗಾಗಿ ಬಂದಿದ್ದ ವಾಲ್ಡ್ 1950ರ ಡಿಸೆಂಬರಿನಲ್ಲಿ ಪತ್ನಿಯೊಡನೆ ನೀಲಗಿರಿ ಬೆಟ್ಟಗಳಲ್ಲಿ ವಿಮಾನಾಪಘಾತಕ್ಕೆ ಬಲಿಯಾದ.

ತಮ್ಮ ಈ ವೃತ್ತಾಂತ ಹೇಳಿ ಮಲಗಲು ಹೋದ. ಅಕ್ಕ ಮಲಗಲಿಲ್ಲ. ಅವಳ ಪ್ರಬಂಧದ ಮೂರನೆಯ ಅಧ್ಯಾಯ ನಿಂತಿದ್ದುದೇ ಒಂದು ಕೋಷ್ಟಕದ ಮೇಲೆ. ಹತ್ತನೆಯ ಶತಮಾನದ ಕೊನೆಯವರೆಗಿನ ಕನ್ನಡ ಕೃತಿಗಳಲ್ಲಿ ಜೈನಕವಿಗಳವು ಎಷ್ಟು, ಇತರರವು ಎಷ್ಟು ಎಂಬ ಲೆಕ್ಕ ಅದರಲ್ಲಿತ್ತು. ಮಾರ್ಗದರ್ಶಕರು ಬಹುವಾಗಿ ಮೆಚ್ಚಿದ್ದ ಪುಟ ಅದು. ಆ ಕಾಲದಲ್ಲಿ ಕನ್ನಡದಲ್ಲಿ ಬರೆದವರು ಬಹುಮಟ್ಟಿಗೆ ಜೈನರೇ ಎಂಬ ತೀರ್ಮಾನವನ್ನು ಅವಳು ಅದರಿಂದ ತೆಗೆದಿದ್ದಳು. ಪ್ರಬಂಧ ಸಲ್ಲಿಸಲು ಉಳಿದಿದ್ದುದು ಎರಡೇ ತಿಂಗಳು.

ಎದುರಿಗಿದ್ದ ಕವಿರಾಜಮಾರ್ಗವೇ ಒಂದು ದೊಡ್ಡ ವಿರೋಧಾಭಾಸ. ಸುಮಾರು 850ರ ಈ ಗ್ರಂಥ ನಮಗೆ ದೊರೆತಿರುವ ಕನ್ನಡ ಕೃತಿಗಳಲ್ಲಿ ಮೊದಲನೆಯದು. ಆದರೆ ಅದೊಂದು ಲಕ್ಷಣಗ್ರಂಥ. ಲಕ್ಷ್ಯವಿಲ್ಲದೆ ಲಕ್ಷಣ ಹುಟ್ಟದು. ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನೂ, ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಪದ್ಯಕಾರರನ್ನೂ ಅದೇ ಹೆಸರಿಸುತ್ತದೆ. ಅವರ ಆ ಕೃತಿಗಳಲ್ಲಿ ಒಂದೂ ನಮ್ಮ ಕೈಗೆ ಬಂದಿಲ್ಲ. ಎಂದರೆ, ಮರಳದ ವಿಮಾನಗಳ ಪಟ್ಟಿಯೊಂದು ಕನ್ನಡದ ಮೊದಲ ಗ್ರಂಥದಲ್ಲೇ ಇದೆ. ಇತಿಹಾಸಕಾರರು ಅದನ್ನು ಕವಿನಾಮಾವಳಿಯೆಂದು ಓದಿ ಮುಂದೆ ಸಾಗುತ್ತಾರೆ.

ಓಲೆಗರಿಯ ಆಯುಷ್ಯ ನಮ್ಮ ಹವೆಯಲ್ಲಿ ದೀರ್ಘವಾದುದಲ್ಲ. ಗೆದ್ದಲು, ತೇವ, ಬೆಂಕಿಗಳಿಂದ ತಪ್ಪಿಸಿಕೊಂಡರೂ ಕೆಲವು ತಲೆಮಾರುಗಳಿಗೊಮ್ಮೆ ಹೊಸ ಪ್ರತಿ ಆಗಲೇಬೇಕು. ಕೃತಿ ಉಳಿಯಲು ಕವಿ ಬರೆದರೆ ಸಾಲದು. ಪ್ರತಿ ಮಾಡಿಸುವವರು, ಇರಿಸಿಕೊಳ್ಳುವ ಭಂಡಾರ, ಹಾಗೆ ಮಾಡುವುದು ಪುಣ್ಯವೆಂಬ ನಂಬಿಕೆ, ಇವೆಲ್ಲ ಬೇಕು. ಶಾಸ್ತ್ರದಾನವನ್ನು ವ್ರತದಂತೆ ನಡೆಸಿದ ಸಮುದಾಯಕ್ಕೆ ಇವು ಇದ್ದವು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಅಷ್ಟು ಮಾಡಿಸಿದ ಕೃತಿಗೂ ನಮ್ಮ ಕಾಲಕ್ಕೆ ಉಳಿದ ಹಸ್ತಪ್ರತಿಗಳು ಕೆಲವೇ ಎಂದಾದರೆ, ಯಾವ ಅತ್ತಿಮಬ್ಬೆಯೂ ದೊರೆಯದ ಕೃತಿಯ ಗತಿಯೇನು? ಅವಳ ಕೋಷ್ಟಕ ಬರೆದವರನ್ನು ಎಣಿಸಿರಲಿಲ್ಲ, ಕಾಪಾಡಿದವರನ್ನು ಎಣಿಸಿತ್ತು.

ಹಾಗೆಂದು ಇದಕ್ಕೆ ಎದುರಾದ ತೀರ್ಮಾನವೂ ಸಿದ್ಧಿಸುವುದಿಲ್ಲ. ಕಳೆದುಹೋದವೆಲ್ಲ ಜೈನೇತರ ಕೃತಿಗಳು ಎನ್ನಲು ಆಧಾರವಿಲ್ಲ. ಶ್ರೀವಿಜಯಾದಿಗಳ ಕೃತಿಗಳೂ ಹೋಗಿವೆಯಷ್ಟೆ. ಈ ಕಡೆಯ ಹುಸಿ ಪಾಂಡಿತ್ಯ ಆ ಕಡೆಯದಕ್ಕಿಂತ ಉತ್ತಮವೇನಲ್ಲ.

ಮರುದಿನ ಅವಳು ತಮ್ಮನಿಗೇ ಒಂದು ಪ್ರಶ್ನೆ ಹಾಕಿದಳು. ಪ್ರತಿಯಾಗುತ್ತಾ ಹೋದ ಗ್ರಂಥ ಉಳಿಯುತ್ತದೆ. ವೀರಸೇನಾಚಾರ್ಯರ ಧವಲಾ ಟೀಕೆ 816ರಲ್ಲಿ ಮುಗಿಯಿತು. ಅದರ ಹಳೆಯ ಓಲೆಪ್ರತಿಗಳು ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಇದ್ದವು, ಹೊಸ ಪ್ರತಿಗಳ ಕೆಲಸ ತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮುದ್ರಣ ಆರಂಭವಾದದ್ದು 1939ರಲ್ಲಿ. ಪ್ರತಿಯಾಗದೆಯೂ ಅದು ಉಳಿದದ್ದು ಹೇಗೆ?

"ಮುಟ್ಟದೆ ಪೂಜೆ ಮಾಡಿದರು, ಅದಕ್ಕೇ ಸವೆಯಲಿಲ್ಲ" ಎಂದು ತಮ್ಮ ಕೂಡಲೇ ಉತ್ತರಿಸಿದ. ಸ್ವಲ್ಪ ತಡೆದು, "ಹಾಗಾದರೆ ಎಲ್ಲವನ್ನೂ ಪೂಜೆಗೆ ಇಟ್ಟಿದ್ದರೆ ಎಲ್ಲವೂ ಉಳೀತಿತ್ತಾ ಅಕ್ಕ?" ಎಂದ.

"ಮುಟ್ಟದೆ ಇಟ್ಟು ಗೆದ್ದಲು ತಿಂದ ಕಪಾಟು ಎಷ್ಟಿದ್ದವೋ ಯಾರಿಗೆ ಗೊತ್ತು? ನಾವು ನೋಡ್ತಿರೋದು ಉಳಿದ ಒಂದನ್ನ."

ಮಾರ್ಗದರ್ಶಕರಿಗೆ ಈ ಬದಲಾವಣೆ ಹಿಡಿಸಲಿಲ್ಲ. ಇದ್ದುದರ ಮೇಲೆ ಮಾತ್ರ ಇತಿಹಾಸ ಬರೆಯಲು ಸಾಧ್ಯ, ಇಲ್ಲದ್ದನ್ನು ಯಾರು ಎಣಿಸುತ್ತಾರೆ ಎಂದು ಅವರು ಕೇಳಿದ್ದು ಅಸಮಂಜಸವೇನೂ ಅಲ್ಲ. ಆಕೆ ಅಧ್ಯಾಯವನ್ನು ಮತ್ತೆ ಬರೆದಳು. ಸಲ್ಲಿಕೆ ಆರು ತಿಂಗಳು ಮುಂದೆ ಹೋಯಿತು. ಕೋಷ್ಟಕದ ಅಂಕಿಗಳಲ್ಲಿ ಒಂದನ್ನೂ ತಿದ್ದಬೇಕಾಗಲಿಲ್ಲ. 'ಹತ್ತನೆಯ ಶತಮಾನದವರೆಗೆ ರಚಿತವಾದ ಕೃತಿಗಳು' ಎಂದಿದ್ದ ತಲೆಬರಹವನ್ನು ಮಾತ್ರ 'ಹತ್ತನೆಯ ಶತಮಾನದವರೆಗಿನವುಗಳಲ್ಲಿ ಉಳಿದುಬಂದ ಕೃತಿಗಳು' ಎಂದು ಬದಲಿಸಿದಳು.