ನೀಲಿ ಪಟ್ಟಿ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದರು. ಶಾಲೆಯ ಚರಿತ್ರೆಯನ್ನೂ ದಾನಿಗಳ ಔದಾರ್ಯವನ್ನೂ ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆ. ಆದುದರಿಂದ ನಾನು ಆಟದ ಬಯಲಿನ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ಕುಂಜತ್ತೂರಿನ ಮಕ್ಕಳಿಗೆ ಕಬಡ್ಡಿಯ ಹುಚ್ಚು ಎಷ್ಟೆಂಬುದನ್ನು ಈ ಸಂಚಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಕಬಡ್ಡಿ ಇದ್ದಲ್ಲಿ ಉಳುಕು ಇದ್ದದ್ದೇ. ಯಕ್ಷಗಾನ ಕಲಿಯುವ ಹುಡುಗರೂ ದಿಗಿಣ ಹಾಕಲು ಹೋಗಿ ಮೊಣಕಾಲು ಹಿಡಿದು ಕುಳಿತದ್ದುಂಟು.

ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಉಳುಕಿಗೆ ಮದ್ದು ಮನೆಯಲ್ಲೇ ಇತ್ತು. ಅರಸಿನ, ಸುಣ್ಣ ಕಲಸಿ ಹಚ್ಚುವುದು, ಹುಣಸೆ ಎಲೆ ಬೇಯಿಸಿ ಕಾವು ಕೊಡುವುದು, ಹಳೆಯ ಪಂಚೆಯನ್ನು ಉದ್ದಕ್ಕೆ ಹರಿದು ಬಿಗಿಯಾಗಿ ಸುತ್ತುವುದು. ನೋವು ಜಾಸ್ತಿಯಾದರೆ ನಾಟಿ ವೈದ್ಯರಲ್ಲಿಗೋ, ಮುರಿವೆಣ್ಣ ಹಚ್ಚುವ ಕಳರಿ ಗುರುಕ್ಕಳರಲ್ಲಿಗೋ ಪಯಣ. ಬಳಿಕ ಕ್ರೇಪ್ ಬ್ಯಾಂಡೇಜು ಬಂತು. ಕಟ್ಟಿದ ವಸ್ತು ಯಾವುದೇ ಇರಲಿ, ಉದ್ದೇಶ ಒಂದೇ ಆಗಿತ್ತು: ನೊಂದ ಕೀಲು ಅಲುಗಬಾರದು.

ಈಗಿನ ಬಣ್ಣದ ಪಟ್ಟಿ ಇದಕ್ಕೆ ತೀರ ವಿರುದ್ಧ. ಕೀಲು ಅಲುಗಲಿ ಎಂದೇ ಅದನ್ನು ಹಚ್ಚುವುದು. ಅದನ್ನು ನಾನು ಹತ್ತಿರದಿಂದ ನೋಡಿದ್ದು 2022ರ ಸೆಪ್ಟೆಂಬರಿನಲ್ಲಿ. ನೆರೆಮನೆಯ ಹುಡುಗಿ, ಆಗ ಎಂಟನೆಯ ತರಗತಿ, ಅಭ್ಯಾಸದಲ್ಲಿ ಬಲಗಾಲು ಒಳಕ್ಕೆ ಮಡಚಿ ಬಿದ್ದಿದ್ದಳು. ಉಪಜಿಲ್ಲಾ ಪಂದ್ಯಕ್ಕೆ ಉಳಿದದ್ದು ಒಂಬತ್ತೇ ದಿನ. ಅವಳ ಅಣ್ಣ ಮಂಗಳೂರಿನಿಂದ ನೀಲಿ ಪಟ್ಟಿಯ ಸುರುಳಿ ತಂದು, ಮೊಬೈಲಿನಲ್ಲಿ ನೋಡಿಕೊಂಡು ಕಾಲಗಂಟಿನ ಸುತ್ತ ಅಂಟಿಸಿದ್ದ. ಅವಳ ತಾಯಿ ನಮ್ಮ ಜಗಲಿಗೆ ಬಂದು, "ಪಟ್ಟಿ ಹಾಕಿ ಆಯಿತಲ್ಲ ಮಾಸ್ಟ್ರೇ, ಇನ್ನು ಆಡಬಹುದಲ್ಲವಾ?" ಎಂದು ಕೇಳಿದರು. ಟಿ.ವಿ.ಯಲ್ಲಿ ಕಬಡ್ಡಿ ಆಟಗಾರರ ಮೈಮೇಲೆ ಇದೇ ಪಟ್ಟಿಯನ್ನು ಕಂಡವರಿಗೆ ಹಾಗೆ ತೋರುವುದು ಸಹಜ. ಉತ್ತರಿಸಬಲ್ಲವರನ್ನು ಕೇಳೋಣವೆಂದೆ.

ನಮ್ಮ ಶಾಲೆಯಲ್ಲಿ ಹತ್ತನೆಯವರೆಗೂ ಕನ್ನಡದಲ್ಲೇ ಓದಿ, ಬಳಿಕ ಫಿಸಿಯೋಥೆರಪಿ ಕಲಿತ ಹಳೆ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಊರಿಗೆ ಬಂದಿದ್ದಳು. ಆಕೆ ಮೊದಲು ಮಾಡಿದ ಕೆಲಸವೆಂದರೆ ಪಟ್ಟಿಯನ್ನು ತೆಗೆದದ್ದು! ಅಂಚಿಗೆ ತೆಂಗಿನೆಣ್ಣೆ ಸವರಿ, ರೋಮ ಮಲಗಿದ ದಿಕ್ಕಿನಲ್ಲಿ, ಚರ್ಮವನ್ನು ಒತ್ತಿ ಹಿಡಿದು ಮೆಲ್ಲಮೆಲ್ಲನೆ ಬಿಡಿಸಿದಳು. ಕಾಲಗಂಟಿನ ಇಬ್ಬದಿಯ ಎಲುಬಿನ ಹಿಂದಂಚನ್ನು ಬೆರಳಿನಿಂದ ಒತ್ತಿ ನೋಡಿದಳು. "ನಾಲ್ಕು ಹೆಜ್ಜೆ ನಡೆ ನೋಡುವ" ಎಂದಳು. ಹುಡುಗಿಗೆ ಎರಡನೆಯ ಹೆಜ್ಜೆ ಆಗಲಿಲ್ಲ. ಎಲುಬನ್ನು ಒತ್ತಿದಾಗ ನೋವಾದರೆ, ಅಥವಾ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್-ರೇ ತೆಗೆಸಲೇಬೇಕೆಂಬುದು ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮವಂತೆ. ಎಕ್ಸ್-ರೇಯಲ್ಲಿ ಎಲುಬು ಸರಿಯಾಗಿತ್ತು. ಹೊರಬದಿಯ ಅಸ್ಥಿರಜ್ಜುವಿಗೆ ಪೆಟ್ಟಾಗಿತ್ತು.

ಪಟ್ಟಿಯ ಬಗ್ಗೆ ನಾನು ಕೇಳಿದ ಪ್ರಶ್ನೆಗಳಿಗೆ ಆಕೆ ಅರ್ಧ ಕನ್ನಡ, ಅರ್ಧ ತುಳುವಿನಲ್ಲಿ ಉತ್ತರಿಸಿದಳು. 1970ರ ದಶಕದಲ್ಲಿ ಜಪಾನಿನ ಕೆಂಜೊ ಕಾಸೆ ಎಂಬವರು ಇದನ್ನು ರೂಪಿಸಿದರು. ತೆಳು ಹತ್ತಿಯ ಬಟ್ಟೆ. ಹಿಂಬದಿಯಲ್ಲಿ ಅಲೆಯಲೆಯಾಗಿ ಬಳಿದ ಅಂಟು. ಮೈಯ ಬಿಸಿಗೆ ಅಂಟು ಹಿಡಿಯುವುದರಿಂದ ಹಚ್ಚಿದ ಮೇಲೆ ಅಂಗೈಯಿಂದ ಉಜ್ಜಬೇಕು. ಉದ್ದಕ್ಕೆ ಮಾತ್ರ ಎಳೆಯುತ್ತದೆ, ಅಗಲಕ್ಕೆ ಇಲ್ಲ. ತನ್ನ ಅಳತೆಗಿಂತ ಸುಮಾರು ಅರ್ಧದಷ್ಟು ಹೆಚ್ಚು ಹಿಗ್ಗಿ ಮತ್ತೆ ಕುಗ್ಗುತ್ತದೆ. ಎರಡು ತುದಿಗಳನ್ನು ಎಳೆಯದೆ ಅಂಟಿಸಬೇಕು, ಇಲ್ಲದಿದ್ದರೆ ಅಲ್ಲಿ ಚರ್ಮ ಬೊಬ್ಬೆ ಏಳುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಬಟ್ಟೆಗೆ ಸಿಕ್ಕಿ ಕಿತ್ತು ಬರುವುದಿಲ್ಲ. ಸ್ನಾನ ಮಾಡಬಹುದು, ಮೂರರಿಂದ ಐದು ದಿನ ಇರುತ್ತದೆ. ಎಣ್ಣೆ ಹಚ್ಚಿದ ಮೈಗೆ ಮಾತ್ರ ಹಿಡಿಯದು. ನಮ್ಮ ಕಡೆಯವರಿಗೆ ಮೊದಲು ಹೇಳಬೇಕಾದ ಮಾತೇ ಇದು!

2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಭುಜದ ಮೇಲೆ ಕಪ್ಪು ಪಟ್ಟಿ ಧರಿಸಿ ಚಿನ್ನ ಗೆದ್ದಳು. ಅಲ್ಲಿಂದ ಈ ಪಟ್ಟಿ ಲೋಕಪ್ರಸಿದ್ಧವಾಯಿತು. ಕಪ್ಪು, ನೀಲಿ, ಗುಲಾಬಿ ಎಂಬ ಭೇದಗಳು ಕಣ್ಣಿಗೆ ಮಾತ್ರ. ಗುಣ ಎಲ್ಲಕ್ಕೂ ಒಂದೇ. ಅದು ಚರ್ಮವನ್ನು ಕೊಂಚ ಮೇಲಕ್ಕೆತ್ತಿ ರಕ್ತಸಂಚಾರವನ್ನು ಸುಗಮಗೊಳಿಸುತ್ತದೆಂಬುದು ಅದರ ಪ್ರತಿಪಾದಕರ ವಾದ. ಆದರೆ ಸುಮ್ಮನೆ ಹಚ್ಚಿದ ಹುಸಿ ಪಟ್ಟಿಯೊಂದಿಗೆ ಹೋಲಿಸಿ ನೋಡಿದ ಪರೀಕ್ಷೆಗಳಲ್ಲಿ ಕಂಡ ವ್ಯತ್ಯಾಸ ಅಲ್ಪ, ಅದೂ ಕೆಲವು ದಿನಗಳ ಮಟ್ಟಿಗೆ. ಉಳುಕು ಮರುಕಳಿಸದಂತೆ ತಡೆಯುವ ವಿಷಯದಲ್ಲಂತೂ ಎಳೆಯದ ಗಟ್ಟಿ ಬಿಳಿ ಟೇಪಿಗೂ ಲೇಸು ಕಟ್ಟುವ ಬ್ರೇಸಿಗೂ ಇರುವ ಪ್ರಮಾಣ ಇದಕ್ಕಿಲ್ಲ. ಗಟ್ಟಿ ಟೇಪಿನಿಂದ ಮಂಡಿಚಿಪ್ಪನ್ನು ಸರಿದಾರಿಗೆ ಎಳೆದು ಹಿಡಿಯುವ ಕ್ರಮವನ್ನು ಆಸ್ಟ್ರೇಲಿಯಾದ ಜೆನ್ನಿ ಮ್ಯಾಕಾನೆಲ್ 1980ರ ದಶಕದಲ್ಲಿ ಬಳಕೆಗೆ ತಂದರು. ಅದು ಬೇರೆಯೇ ವಿದ್ಯೆ.

"ಹಾಗಾದರೆ ಇದನ್ನು ಹಚ್ಚುವುದಾದರೂ ಯಾಕೆ?" ಎಂದೆ. "ಸಾರ್, ನೋವು ಸ್ವಲ್ಪ ಕಡಿಮೆಯಾದ ಹಾಗೆ ಅನಿಸಿದರೆ ಇವಳು ವ್ಯಾಯಾಮ ಮಾಡುತ್ತಾಳೆ. ನನಗೆ ಅಷ್ಟು ಸಾಕು. ಅದು ವ್ಯಾಯಾಮಕ್ಕೆ ಧೈರ್ಯ, ಪಂದ್ಯಕ್ಕೆ ಪರವಾನಗಿ ಅಲ್ಲ" ಎಂದಳು. ನಲುವತ್ತು ವರ್ಷ ಪಾಠ ಹೇಳಿದವರಿಗೂ ಇಷ್ಟು ಚೊಕ್ಕವಾಗಿ ಹೇಳಲು ಬಾರದೆಂದು ನನಗೆ ಅನಿಸಿತು.

ಹುಡುಗಿ ಅತ್ತಳು. ಅವಳಿಲ್ಲದೆ ತಂಡ ಹೊರಟಿತು. ಆ ದಿನ ಅವಳು ಯಾರೊಡನೆಯೂ ಮಾತನಾಡಲಿಲ್ಲವೆಂದು ತಾಯಿ ಹೇಳಿದರು. ಮಕ್ಕಳ ಪಾಲಿಗೆ ಒಂದು ಪಂದ್ಯ ತಪ್ಪುವುದೆಂದರೇನೆಂದು ಬಲ್ಲ ನನಗೂ ಕಷ್ಟವೆನಿಸಿತು. ಮೊದಲ ದಿನಗಳಲ್ಲಿ ಐಸು, ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು. ಬಾವು ಇರುವಾಗ ಕಾವು, ತಿಕ್ಕುವಿಕೆ ಎರಡೂ ಬೇಡ. ಅಜ್ಜಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಆಮೇಲೆ ಪಾದದಿಂದ ಗಾಳಿಯಲ್ಲಿ ಅಕ್ಷರ ಬರೆಯುವುದು. ಇಂಗ್ಲಿಷಿನ ಎ, ಬಿ, ಸಿ, ಡಿ ಬರೆಯಲು ಹೇಳುವುದು ರೂಢಿಯಂತೆ. ನಮ್ಮ ಹುಡುಗಿ ಅ, ಆ, ಇ, ಈ ಬರೆದಳು. ಋ ಬರೆಯುವಾಗ ಕಾಲಗಂಟು ಚೆನ್ನಾಗಿ ತಿರುಗುತ್ತದೆಂದು ನಕ್ಕಳು. ಕೊನೆಗೆ ಒಂಟಿಕಾಲಿನಲ್ಲಿ ನಿಲ್ಲುವುದು, ಮೊದಲು ಕಣ್ಣು ತೆರೆದು, ಬಳಿಕ ಕಣ್ಣು ಮುಚ್ಚಿ. ಉಳುಕಿದ ಕೀಲು ತಾನಿರುವ ಭಂಗಿಯ ಅರಿವನ್ನು ಕಳೆದುಕೊಂಡಿರುತ್ತದೆ. ಅದನ್ನು ಮರಳಿ ಕಲಿಸದಿದ್ದರೆ ಮತ್ತೆ ಅದೇ ಕಾಲು ಮಡಚುತ್ತದೆ.

ಈ ವ್ಯಾಯಾಮದ ಹಾಳೆ ಅವಳಲ್ಲಿ ಇಂಗ್ಲಿಷಿನಲ್ಲಿಯೂ ಮಲಯಾಳದಲ್ಲಿಯೂ ಇತ್ತು, ಕನ್ನಡದಲ್ಲಿ ಇರಲಿಲ್ಲ. 1956ರಿಂದ ಕೇರಳದಲ್ಲಿರುವ ನಮಗೆ ಇದು ಹೊಸ ಅನುಭವವಲ್ಲ. ಆದರೆ ನೋವಿನ ವಿಷಯದಲ್ಲಿ ಅರ್ಧಂಬರ್ಧ ತಿಳಿದರೆ ಸಾಲದು. ತುರಿಕೆ ಬಂದರೆ ಪಟ್ಟಿ ಕೂಡಲೇ ತೆಗೆಯಿರಿ, ಗಾಯದ ಮೇಲೆ ಹಚ್ಚಬೇಡಿ, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವವರು ಕೇಳದೆ ಹಚ್ಚಬೇಡಿ, ಮೀನಖಂಡ ಬಾತು ಬಿಸಿಯಾಗಿದ್ದರೆ ವೈದ್ಯರಲ್ಲಿಗೆ ಹೋಗಿ: ಇವು ತಾಯಿಗೂ ಅಜ್ಜಿಗೂ ಓದಿ ತಿಳಿಯಬೇಕಾದ ಮಾತುಗಳು. ಆಕೆ ಹೇಳಿದಳು, ನಾನು ಬರೆದುಕೊಂಡೆ. 'ಸಮತೋಲನ' ಎಂಬಲ್ಲಿ 'ಆಯ ತಪ್ಪದೆ ನಿಲ್ಲುವುದು' ಎಂದು ಹಾಕಿಸಿದವಳು ಅವಳೇ.

ಮರುವರ್ಷ ಹುಡುಗಿ ಲೇಸು ಕಟ್ಟಿದ ಬ್ರೇಸು ಹಾಕಿಕೊಂಡು ಆಡಿದಳು. ಹಾಳೆಯ ಪ್ರತಿ ಶಾಲೆಯ ಆಟದ ಸಾಮಾನಿನ ಕೋಣೆಯ ಬಾಗಿಲ ಹಿಂದೆ ಅಂಟಿಸಿದೆ. ಬೇಕಾದವರು ನಕಲು ತೆಗೆದುಕೊಳ್ಳಬಹುದು.