ಸಾಂಬನ ಮಕ್ಕಳು ಹಾಕಿದ ಸೆಟ್ಟು... ಕಳಚುವ ಸೆಟ್ಟಲ್ಲ!

‘ಶೋಲೆ’ಯ ಸಾಂಬ ಯಾರಿಗೆ ಗೊತ್ತಿಲ್ಲ ಹೇಳಿ? ನಮ್ಮ ರಾಮನಗರದ ಬಂಡೆಯ ನೆತ್ತಿಯ ಮೇಲೆ ಬಂದೂಕು ಹಿಡಿದು ಕೂತವನು. ತನ್ನ ತಲೆಗೆ ಸರ್ಕಾರ ಇಟ್ಟಿರುವ ಬಹುಮಾನ ಎಷ್ಟು ಅಂತ ಗಬ್ಬರ್ ಕೇಳಿದಾಗ ಮೇಲಿಂದಲೇ ಉತ್ತರ ಒಗೆದವನು. ಅಷ್ಟು ಸಣ್ಣ ಮಾತಿಗೇ ಮ್ಯಾಕ್ ಮೋಹನ್ 2010ರಲ್ಲಿ ತೀರಿಕೊಳ್ಳುವವರೆಗೂ ಜನರ ಬಾಯಲ್ಲಿ ಸಾಂಬನೇ ಆಗಿ ಉಳಿದರು!

ಆ ಚಿತ್ರಕ್ಕಾಗಿ ರಮೇಶ್ ಸಿಪ್ಪಿ ರಾಮನಗರದ ಬೆಟ್ಟದ ಬುಡದಲ್ಲಿ ಒಂದಿಡೀ ಊರನ್ನೇ ಕಟ್ಟಿಸಿದ್ದರು. ಶೂಟಿಂಗ್ ಮುಗಿಯಿತು. 1975ರ ಆಗಸ್ಟ್ 15ಕ್ಕೆ ಚಿತ್ರ ತೆರೆ ಕಂಡಿತು. ಊರು ಮಾಯ! ಇವತ್ತು ನೀವು ರಾಮನಗರದಲ್ಲಿ ಬಸ್ಸಿಳಿದು ಹುಡುಕಿದರೆ ಬಂಡೆಗಳು ಸಿಗುತ್ತವೆ, ಠಾಕೂರರ ಮನೆ ಸಿಗೋದಿಲ್ಲ. ಸಿನಿಮಾ ಸೆಟ್ ಅಂದರೆ ಅದೇ ತಾನೇ? ಪ್ಯಾಕಪ್ ಅಂದ ಮೇಲೆ ಏನೂ ಉಳಿಯೋದಿಲ್ಲ.

ಆದರೆ ಅದೇ ಸಾಂಬನ ಇಬ್ಬರು ಹೆಣ್ಣುಮಕ್ಕಳು, ಮಂಜರಿ ಮತ್ತು ವಿನತಿ ಮಾಕಿಜಾನಿ, ರಾಜಸ್ಥಾನದ ಒಂದು ಹಳ್ಳಿಯಲ್ಲಿ ಸೆಟ್ ಹಾಕಿದರು. ಗಟ್ಟಿ ಕಾಂಕ್ರೀಟಿನ ಸೆಟ್ಟು! ಕ್ಯಾಮೆರಾ ಹೊರಟುಹೋದ ಮೇಲೆ ಅದನ್ನು ಊರಿನ ಮಕ್ಕಳಿಗೇ ಬಿಟ್ಟರು. ಆ ಊರಿನ ಹೆಸರು ಖೇಮ್‌ಪುರ. ಉದಯಪುರದ ಹತ್ತಿರ. ಸೆಟ್ಟಿನ ಹೆಸರು ಡೆಸರ್ಟ್ ಡಾಲ್ಫಿನ್ ಸ್ಕೇಟ್ ಪಾರ್ಕ್. ಮರುಭೂಮಿಯಲ್ಲಿ ಡಾಲ್ಫಿನ್ ಮೀನೇ ಅಂತ ನಗಬೇಡಿ, ಮುಂದೆ ಓದಿ.

ಸ್ಕೇಟ್ ಪಾರ್ಕ್ ಅಂದ್ರೆ ಏನು ಗುರುವೇ?

ಎರಡೂವರೆ ಅಡಿ ಉದ್ದದ ಹಲಗೆ, ಅಡಿಯಲ್ಲಿ ನಾಲ್ಕು ಚಕ್ರ. ಇದು ಸ್ಕೇಟ್‌ಬೋರ್ಡ್. ಬ್ರೇಕಿಲ್ಲ, ಹ್ಯಾಂಡಲ್ಲಿಲ್ಲ. ನಿಮ್ಮ ಕಾಲೇ ಎಂಜಿನ್, ನಿಮ್ಮ ಸೊಂಟವೇ ಸ್ಟೇರಿಂಗ್. ಇದನ್ನು ಓಡಿಸುವುದಕ್ಕೆಂದೇ ಏರು, ಇಳಿಜಾರು, ಮೆಟ್ಟಿಲು, ಕಂಬಿ, ಬಾವಿಯಂಥ ಗುಂಡಿ ಎಲ್ಲ ಇಟ್ಟು ಕಟ್ಟಿದ ಜಾಗವೇ ಸ್ಕೇಟ್ ಪಾರ್ಕ್.

ಈ ಗುಂಡಿಗೂ ಒಂದು ಕಥೆಯಿದೆ. 1976-77ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಭಾರೀ ಬರ. ಶ್ರೀಮಂತರ ಮನೆಗಳ ಈಜುಕೊಳಗಳು ಖಾಲಿ. ಸಮುದ್ರದ ದಡದ ಪಡ್ಡೆ ಹುಡುಗರು ಕಾಂಪೌಂಡ್ ಹಾರಿ ಆ ಬರಿದಾದ ಕೊಳಗಳ ಗೋಡೆಯ ಮೇಲೆ ಹಲಗೆ ಓಡಿಸಿದರು. ಪೊಲೀಸ್ ಬಂದರೆ ಪರಾರಿ! ಆ ಹುಡುಗರ ಕಥೆಯೇ 2005ರ ‘ಲಾರ್ಡ್ಸ್ ಆಫ್ ಡಾಗ್‌ಟೌನ್’ ಚಿತ್ರ. ಇವತ್ತಿನ ಪಾರ್ಕುಗಳಲ್ಲಿರುವ ‘ಬೌಲ್’ ಎಂಬ ಗುಂಡಿ ಆ ಈಜುಕೊಳದ್ದೇ ಮರಿ.

ತೆರೆಯ ಮೇಲೆ, ತೆರೆಯ ಹೊರಗೆ

2021ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಚಿತ್ರ ‘ಸ್ಕೇಟರ್ ಗರ್ಲ್’. ನಿರ್ದೇಶನ ಮಂಜರಿಯದು. ಬಡ ಮನೆಯ ಹುಡುಗಿ ಪ್ರೇರಣಾ. ಆ ಪಾತ್ರದಲ್ಲಿ ರೇಚಲ್ ಸಂಚಿತಾ ಗುಪ್ತಾ. ಲಂಡನ್ನಿನಿಂದ ಬಂದ ಹೆಣ್ಣುಮಗಳೊಬ್ಬಳು ಊರ ಮಕ್ಕಳ ಕಾಲಡಿಗೆ ಚಕ್ರ ಕೊಡಿಸುತ್ತಾಳೆ. ಹಿರಿಯರು ಸಿಡಿಮಿಡಿ. ಹುಡುಗಿ ಹೀಗೆಲ್ಲ ಹಾರಾಡೋದಾ? ಯಾವ ಜಾತಿಯ ಹುಡುಗ ಯಾರ ಜೊತೆ ಆಡ್ತಿದಾನೆ? ಆಗ ಪಾರ್ಕಿಗೆ ಜಾಗ ಕೊಡುವ ಮಹಾರಾಣಿಯಾಗಿ ಬರೋದು ಯಾರು ಗೊತ್ತಾ? ನಮ್ಮ ವಹೀದಾ ರೆಹಮಾನ್! ಆಟ ಒಂದು ಕಡೆ, ಮದುವೆ ಮಂಟಪ ಇನ್ನೊಂದು ಕಡೆ. ಪ್ರೇರಣಾ ಯಾವುದನ್ನು ಆರಿಸಿದಳು ಅನ್ನೋದನ್ನು ಇಲ್ಲಿ ಬಿಟ್ಟುಕೊಡೋದಿಲ್ಲ, ನೋಡಿಕೊಳ್ಳಿ.

ಇದು ಬರೀ ಸಿನಿಮಾ ಅಂತೀರಾ? ಮಧ್ಯಪ್ರದೇಶದ ಪನ್ನಾ ಜಿಲ್ಲೆಗೆ ಬನ್ನಿ. ಅಲ್ಲಿ ಜನವಾರ್ ಅನ್ನೋ ಹಳ್ಳಿ. ಉಲ್ರೀಕೆ ರೈನ್‌ಹಾರ್ಡ್ ಎಂಬ ಜರ್ಮನ್ ಮಹಿಳೆ 2015ರಲ್ಲಿ ಅಲ್ಲೊಂದು ಪಾರ್ಕ್ ಮಾಡಿಸಿದರು. ಎರಡೇ ಕಾನೂನು. ಶಾಲೆಗೆ ಚಕ್ಕರ್ ಹಾಕಿದವರಿಗೆ ಆಟ ಇಲ್ಲ. ಸರದಿಯಲ್ಲಿ ಹುಡುಗಿಯರು ಮೊದಲು. ಆ ಊರಿನ ಆಶಾ ಗೋಂಡ್ ಎಂಬ ಹುಡುಗಿ 2018ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಭಾರತದ ಪರವಾಗಿ ಹೋಗಿಬಂದಳು! ‘ಸ್ಕೇಟರ್ ಗರ್ಲ್’ ಬಂದಾಗ ಇದು ಜನವಾರ್ ಕಥೆಯ ಹಾಗಿದೆಯಲ್ಲ ಎಂಬ ಮಾತೂ ಎದ್ದಿತು. ಇದು ಯಾರ ಜೀವನಚರಿತ್ರೆಯೂ ಅಲ್ಲ ಅಂತ ಚಿತ್ರದವರು ಹೇಳಿದರು. ಕಥೆ ಯಾರದ್ದೇ ಆಗಲಿ, ಆಡಲು ಎರಡೂ ಊರಿನ ಮಕ್ಕಳಿಗೆ ಜಾಗ ಸಿಕ್ಕಿದ್ದು ನಿಜ.

ಹೊಸಬರಿಗೊಂದು ಮೂಲೆ, ಉಸ್ತಾದರಿಗೊಂದು ಮೂಲೆ

ಸರಿ, ನೀವು ಒಂದು ಪಾರ್ಕಿಗೆ ಹೋದಿರಿ ಅಂತಿಟ್ಟುಕೊಳ್ಳಿ. ಏನು ನೋಡಬೇಕು?

ಹೊಸಬರಾದರೆ ಮೊದಲು ನೆಲ ನೋಡಿ. ಬಿರುಕಿಲ್ಲದ, ನುಣುಪಾದ, ಅಗಲವಾದ ಸಮತಟ್ಟು ನೆಲ ಇದ್ದರೆ ಅದೇ ನಿಮ್ಮ ಜಾಗ. ಒಂದು ಸಣ್ಣ ಕಲ್ಲು ಚಕ್ರಕ್ಕೆ ಸಿಕ್ಕರೂ ಹಲಗೆ ಅಲ್ಲೇ ನಿಲ್ಲುತ್ತೆ, ನೀವು ಮಾತ್ರ ಮುಂದೆ ಹೋಗ್ತೀರಿ! ಆಮೇಲೆ ಸೌಮ್ಯವಾದ ಇಳಿಜಾರು ನೋಡಿ. ಹತ್ತಿ, ತಿರುಗಿ, ಇಳಿಯೋದನ್ನು ಅಲ್ಲೇ ಕಲಿಯಬೇಕು. ಹೆಲ್ಮೆಟ್ಟು, ಮೊಣಕಾಲು ಮೊಣಕೈಗೆ ಪ್ಯಾಡು ಹಾಕ್ಕೊಳ್ಳೋದು ಹೇಡಿತನ ಅಲ್ಲ. ಫೈಟ್ ಸೀನ್ ಮಾಡುವವರೂ ಬಟ್ಟೆಯೊಳಗೆ ಪ್ಯಾಡ್ ಕಟ್ಟಿಕೊಳ್ತಾರೆ.

ಪಳಗಿದವರ ಕಣ್ಣು ಬೇರೆ. ಅವರು ನೋಡೋದು ಬಾಗಿ ಮೇಲೇಳುವ ಗೋಡೆ ಎಷ್ಟು ಎತ್ತರ, ಅದರ ಅಂಚಿಗೆ ಕೂರಿಸಿದ ಕಬ್ಬಿಣದ ಪೈಪು ಸರಿಯಾಗಿದೆಯಾ, ಬೌಲ್ ಎಷ್ಟು ಆಳ, ಕಂಬಿಗೆ ಬರೋಕೆ ಓಟ ಸಾಕಾ ಅಂತ.

ಈ ಎರಡು ಮೂಲೆಗಳ ನಡುವೆ ಒಂದು ಬಾಗಿಲಿದೆ. ಅದರ ಹೆಸರು ‘ಡ್ರಾಪ್ ಇನ್’. ಹಲಗೆಯ ಬಾಲವನ್ನು ಗೋಡೆಯಂಚಿನ ಪೈಪಿನ ಮೇಲಿಟ್ಟು ಹಿಂಗಾಲಿನಿಂದ ಒತ್ತಿ ಹಿಡಿಯಬೇಕು. ಮುಂದಿನ ಚಕ್ರ ಗಾಳಿಯಲ್ಲಿ. ಆಮೇಲೆ ಇಡೀ ಮೈಭಾರವನ್ನು ಮುಂದಕ್ಕೆ ಹಾಕಿ ಮುಂಗಾಲನ್ನು ಗಟ್ಟಿಯಾಗಿ ತುಳಿಯಬೇಕು. ಹೆದರಿ ಹಿಂದಕ್ಕೆ ವಾಲಿದಿರೋ, ಹಲಗೆ ಮುಂದೆ ಹಾರುತ್ತೆ, ನೀವು ಅಂಗಾತ! ಮೊದಲ ಸಲ ಸಣ್ಣ ಗೋಡೆಯಲ್ಲೇ ಮಾಡಿ, ಪಳಗಿದವರು ಪಕ್ಕದಲ್ಲಿರಲಿ.

ಪಾರ್ಕಿಗೊಂದು ಮರ್ಯಾದೆಯೂ ಇದೆ. ಒಬ್ಬರ ಸರದಿ ಮುಗಿಯುವ ತನಕ ಇನ್ನೊಬ್ಬರು ಇಳಿಯಬಾರದು. ಗೋಡೆಯಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬಾರದು. ಹೊಸಬ ಬಿದ್ದರೆ ನಗಬಾರದು. ಯಾರಾದರೂ ಕಷ್ಟದ ಪಟ್ಟು ಹಾಕಿದರೆ ಹಲಗೆಯನ್ನು ನೆಲಕ್ಕೆ ಬಡಿದು ಸದ್ದು ಮಾಡ್ತಾರೆ. ಅದೇ ಅವರ ಶಿಳ್ಳೆ, ಅದೇ ಚಪ್ಪಾಳೆ! ನಮ್ಮ ಗಾಂಧಿ ಕ್ಲಾಸಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಹೋಗೋದು ಹೇಗೆ?

ಖೇಮ್‌ಪುರಕ್ಕೆ ಹೋಗಬೇಕಾದರೆ ಮೊದಲು ಉದಯಪುರ ಸೇರಬೇಕು. ಮೈಸೂರಿನಿಂದ ಬೆಂಗಳೂರಿನ ಮೇಲೆ ಉದಯಪುರಕ್ಕೆ ಹೋಗುವ ಹಮ್‌ಸಫರ್ ರೈಲು ಶುರುವಾದದ್ದು 2018ರ ಫೆಬ್ರವರಿಯಲ್ಲಿ. ತಮಾಷೆ ನೋಡಿ, ಆ ಹಳಿ ಹಾಯೋದೇ ನಮ್ಮ ರಾಮನಗರದ ಮೇಲೆ! ಸಾಂಬ ಕೂತ ಊರಿನಿಂದ ಸಾಂಬನ ಮಕ್ಕಳು ಕಟ್ಟಿದ ಜಾಗದ ಕಡೆಗೆ ಒಂದೇ ರೈಲು. ಉದಯಪುರದಿಂದ ರಸ್ತೆ ದಾರಿ. ರಾಜಸ್ಥಾನದ ಬಿಸಿಲಿಗೆ ಸಿಮೆಂಟು ಕಾದ ಹೆಂಚು. ಬೆಳಗ್ಗೆ ಇಲ್ಲವೇ ಸಂಜೆ ಹೋಗಿ. ಹೊರಡೋ ಮುಂಚೆ ಪಾರ್ಕ್ ತೆರೆದಿದೆಯಾ ಅಂತ ವಿಚಾರಿಸಿ. ಜಾಗದ ಕರಾರು ಮುಗಿದರೆ ಪಾರ್ಕೂ ಮುಚ್ಚುತ್ತೆ.

ಅಷ್ಟು ದೂರ ಯಾಕೆ, ನಮ್ಮಲ್ಲೇನೂ ಇಲ್ವಾ ಅಂತೀರಾ? 2013ರಲ್ಲಿ ‘ಹೋಲಿಸ್ಟೋಕ್ಡ್’ ಎಂಬ ಬಳಗದ ಹುಡುಗರು ಬೆಂಗಳೂರಿನಲ್ಲೇ, ಹೊರದೇಶದ ಸ್ಕೇಟರ್‌ಗಳ ಜೊತೆ ತಾವೇ ಸಿಮೆಂಟ್ ಕಲಸಿ ಒಂದು ಪಾರ್ಕ್ ಎಬ್ಬಿಸಿದರು. ದುಡ್ಡಿಲ್ಲದೆ ಆಡುವ ಪಾರ್ಕು! ಪಕ್ಕದ ತಮಿಳುನಾಡಿನ ಮಹಾಬಲಿಪುರದ ಪುಟ್ಟ ಸ್ಕೇಟರ್ ಹುಡುಗಿಯೊಬ್ಬಳ ಮೇಲೆ ತೆಗೆದ ‘ಕಮಲಿ’ ಎಂಬ ಕಿರುಚಿತ್ರ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯ ಕಣದವರೆಗೂ ಹೋಯಿತು. ಸ್ಕೇಟ್‌ಬೋರ್ಡಿಂಗ್ ಈಗ ಒಲಿಂಪಿಕ್ಸ್ ಆಟ ಕೂಡ. 2021ರಲ್ಲಿ ಟೋಕಿಯೋದಲ್ಲಿ ಮೊದಲ ಸಲ ಸೇರಿದಾಗ ಮಹಿಳೆಯರ ಸ್ಟ್ರೀಟ್ ವಿಭಾಗದ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ ಬರೀ 13 ವರ್ಷ!

ಕೊನೆಗೆ ಅಭಿಮಾನಿ ಸಂಘದ ಗೆಳೆಯರಿಗೊಂದು ಮಾತು. ನಿಮ್ಮ ಹೀರೋ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸ್ತೀರಿ, ಹಾರ ಹಾಕ್ತೀರಿ, ಹಾಲು ಸುರೀತೀರಿ. ಮೂರನೇ ವಾರಕ್ಕೆ ಕಟೌಟ್ ಕೆಳಗಿಳಿಯುತ್ತೆ. ಬೇಡ ಅನ್ನೋದಿಲ್ಲ, ಮಾಡಿ. ಆದರೆ ಒಂದು ವರ್ಷ ಆ ದುಡ್ಡನ್ನು ಕೂಡಿಟ್ಟು, ಪಂಚಾಯಿತಿಯನ್ನು ಕೇಳಿ ಒಂದು ಮೂಲೆ ಜಾಗ ಪಡೆದು, ನುಣುಪಾದ ಕಾಂಕ್ರೀಟ್ ನೆಲ ಒಂದು, ಸಣ್ಣ ಇಳಿಜಾರು ಒಂದು ಹಾಕಿಸಿ ನೋಡಿ. ಹೊಸಬರಿಗೆ ಅಷ್ಟೇ ಸಾಕು. ಅದರ ಮೇಲೆ ನಿಮ್ಮ ಹೀರೋ ಹೆಸರನ್ನೇ ಬರೆಸಿ. ಸರದಿಯಲ್ಲಿ ಮಾತ್ರ ನಿಮ್ಮ ತಂಗಿ ಮೊದಲು ನಿಲ್ಲಲಿ!